ಕರಗುವ ಹಂದರ

ಮುರಿದ ಎಲುಬು ಕಾಲಕ್ರಮದಲ್ಲಿ ಕೂಡಿಕೊಳ್ಳುತ್ತದೆ. ಗಾಯಗೊಂಡ ಚರ್ಮ ಮಾಯುತ್ತದೆ. ಆದರೆ ಮೊಣಕಾಲಿನ ಕೀಲಿನಲ್ಲಿ ಎಲುಬಿನ ತುದಿಗೆ ನುಣುಪಾದ ಹೊದಿಕೆಯಂತಿರುವ ಮೃದ್ವಸ್ಥಿಯು ಒಮ್ಮೆ ಹಾನಿಗೊಂಡರೆ ಹಿಂದಿನಂತೆ ತುಂಬಿ ಬರುವುದಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹಂಟರನು 1743ರಲ್ಲಿಯೇ ಇದನ್ನು ಗುರುತಿಸಿದ್ದನು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ. ದುರಸ್ತಿಯ ಸಾಮಗ್ರಿ ಅಲ್ಲಿಗೆ ತಲಪುವ ದಾರಿಯೇ ಇಲ್ಲ.

ಬಾಯಾರಿನಂತಹ ಗುಡ್ಡಬಯಲುಗಳ ಊರಿನವರಿಗೆ ಇದು ದೂರದ ಮಾತಲ್ಲ. ದಿನವೂ ತೋಟಕ್ಕೆ ಇಳಿದು ಏರುವವರು, ಅಡಕೆ ಮರ ಹತ್ತುವವರು, ರಂಗಸ್ಥಳದಲ್ಲಿ ದಿಗಿಣ ಹಾರುವ ಯಕ್ಷಗಾನ ಕಲಾವಿದರು, ಇವರೆಲ್ಲರ ಜೀವನೋಪಾಯವು ಮೊಣಕಾಲನ್ನೇ ನೆಚ್ಚಿದೆ.

ಈ ಕೊರತೆಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯವು ನಮ್ಮ ಹಿತ್ತಿಲ ತರಕಾರಿ ಚಪ್ಪರವನ್ನು ಹೋಲುತ್ತದೆ. ಬಳ್ಳಿಗೆ ಹಬ್ಬಲು ಆಧಾರ ಬೇಕು, ಜೀವಕೋಶಗಳಿಗೂ ಹಾಗೆಯೇ. ರೋಗಿಯ ಮೃದ್ವಸ್ಥಿಯ ಚಿಕ್ಕ ಚೂರೊಂದನ್ನು ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಗೊಳಿಸಿ, ಸೂಕ್ಷ್ಮ ರಂಧ್ರಗಳುಳ್ಳ ಹಂದರದಲ್ಲಿ ಬಿತ್ತುತ್ತಾರೆ. ಕೋಶಗಳು ತಮ್ಮ ಸುತ್ತಲೂ ಹೊಸ ಮೃದ್ವಸ್ಥಿಯನ್ನು ಕಟ್ಟುತ್ತಿರುವಂತೆಯೇ ಹಂದರವು ಮೆಲ್ಲನೆ ಕರಗುತ್ತದೆ. ಬೇಗನೆ ಕರಗಿದರೆ ಎಳೆಯ ಅಂಗಾಂಶ ಕುಸಿಯುತ್ತದೆ. ತಡವಾದರೆ ಬೆಳವಣಿಗೆಗೆ ಅಡ್ಡಿ. ಇಂತಹ ಹಂದರಗಳಿಗೆ ಬಳಸುವ ಪಾಲಿಗ್ಲೈಕಾಲಿಕ್ ಆಮ್ಲದಿಂದಲೇ, ಬಿಚ್ಚಬೇಕಾಗಿಲ್ಲದ ಹೊಲಿಗೆಯ ನೂಲನ್ನೂ ಮಾಡುತ್ತಾರೆ. ಪಾಲಿಲ್ಯಾಕ್ಟಿಕ್ ಆಮ್ಲವು ಕರಗಿದಾಗ ಸಿಗುವುದು ಮೊಸರಿಗೆ ಹುಳಿಯನ್ನೀಯುವ ಲ್ಯಾಕ್ಟಿಕ್ ಆಮ್ಲವೇ.

ಸ್ವೀಡನ್ನಿನ ವೈದ್ಯರು 23 ಮಂದಿಯ ಮೊಣಕಾಲಿಗೆ ಅವರದೇ ಕೋಶಗಳನ್ನು ಬೆಳೆಸಿ ತುಂಬಿದ ವಿವರವನ್ನು 1994ರಲ್ಲಿ ಪ್ರಕಟಿಸಿದರು, ಅದರಲ್ಲಿ ಹಂದರವಿರಲಿಲ್ಲ. 1997ರಲ್ಲಿ ಅಮೆರಿಕದ ವಿಜ್ಞಾನಿಗಳು ಕಿವಿಯಾಕಾರದ ಹಂದರದಲ್ಲಿ ಕರುವಿನ ಕೋಶಗಳನ್ನು ಬಿತ್ತಿ, ಇಲಿಯ ಬೆನ್ನಿನ ಚರ್ಮದಡಿಯಲ್ಲಿ ಬೆಳೆಸಿ ತೋರಿದರು. ಕೇರಳದ ಇನ್ನೊಂದು ತುದಿಯಾದ ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿಯೂ ಮೃದ್ವಸ್ಥಿಗಾಗಿ ಕರಗುವ ಹಂದರಗಳ ಸಂಶೋಧನೆ ನಡೆದಿದೆ. ಹಂದಿಯ ಕೊಲಾಜೆನ್ ಪೊರೆಯ ಮೇಲೆ ರೋಗಿಯದೇ ಕೋಶಗಳನ್ನು ಬೆಳೆಸಿ ಕೂರಿಸುವ ಚಿಕಿತ್ಸೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರೋಗಿಯದೇ ಮೃದ್ವಸ್ಥಿ ಕೋಶಗಳ ಚಿಕಿತ್ಸೆಯೊಂದು 2017ರಲ್ಲಿ ಭಾರತದಲ್ಲಿಯೂ ಅನುಮತಿ ಪಡೆಯಿತು.

ವಾಚಕ ಬಂಧುಗಳು ಮುಖ್ಯವಾಗಿ ಅರಿಯಬೇಕಾದುದು ಇಷ್ಟು: ಏಟಿನಿಂದ ಮೃದ್ವಸ್ಥಿಯ ಒಂದೆಡೆ ಮಾತ್ರ ಹಳ್ಳ ಬಿದ್ದು, ಉಳಿದ ಕೀಲು ಆರೋಗ್ಯವಾಗಿರುವವರಿಗಾಗಿ ಈ ಚಿಕಿತ್ಸೆ. ಪ್ರಾಯ ಸಂದು ಕೀಲೆಲ್ಲ ಸವೆದ ಅಜ್ಜ ಅಜ್ಜಿಯರ ಮೊಣಕಾಲಿಗೆ ಇದು ಪರಿಹಾರವಲ್ಲ. ಸೂಜಿಮದ್ದೊಂದರಿಂದಲೇ ಮೃದ್ವಸ್ಥಿ ಹೊಸತಾಗಿ ಬೆಳೆಯುವುದೆಂಬ ಜಾಹೀರಾತನ್ನು ನಂಬಿ, ಅಡಕೆ ಮಾರಿದ ಹಣವನ್ನು ಸುರಿಯುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು. ಹಾನಿಯು ಒಂದೆಡೆಯೋ, ಇಡೀ ಕೀಲಿಗೋ? ಹೇಳುತ್ತಿರುವ ಚಿಕಿತ್ಸೆಗೆ ಸರಕಾರದ ಅನುಮತಿ ಉಂಟೇ? ಶಸ್ತ್ರಕ್ರಿಯೆಯ ಬಳಿಕ ಎಷ್ಟು ತಿಂಗಳು ದುಡಿಯಬಾರದು? ಎಳೆಯ ಮೃದ್ವಸ್ಥಿಯು ಭಾರ ಹೊರುವಷ್ಟು ಗಟ್ಟಿಯಾಗಲು ತಿಂಗಳುಗಳೇ ಬೇಕು. ದಿನದ ದುಡಿಮೆಯನ್ನೇ ನಂಬಿದ ಮನೆಗಳಿಗೆ ಈ ಮೂರನೆಯ ಪ್ರಶ್ನೆಯ ಉತ್ತರವು ಉಳಿದೆರಡರಷ್ಟೇ ಮುಖ್ಯ.