ಅಡಚಣೆಗಳ ನಡುವೆ ಕೆಲಸದ ಶಿಸ್ತು

ಸಣ್ಣ ಕಾರ್ಖಾನೆಯ ಅಥವಾ ಅಂಗಡಿಯ ಮಾಲೀಕನು ಬೆಳಿಗ್ಗೆ ಹತ್ತು ಗಂಟೆಗೆ ಲೆಕ್ಕದ ಕಡತವನ್ನು ತೆರೆದು ಕುಳಿತರೆ ಅದನ್ನು ಮುಚ್ಚುವುದು ಸಾಮಾನ್ಯವಾಗಿ ರಾತ್ರಿ ಎಂಟರ ನಂತರವೇ. ನಡುವೆ ಲಾರಿಯವನು ಬಿಲ್ಟಿ ಕೇಳಲು ಬರುತ್ತಾನೆ, ಲೇತ್ ಕೆಲಸಗಾರ ಅಳತೆ ತೋರಿಸಲು ಬರುತ್ತಾನೆ, ಬ್ಯಾಂಕಿನಿಂದ ಕರೆ ಬರುತ್ತದೆ, ಹಳೆಯ ಗಿರಾಕಿಯೊಬ್ಬರು ದರ ವಿಚಾರಿಸುತ್ತಾರೆ, ಅಷ್ಟರಲ್ಲಿ ವಿದ್ಯುತ್ ಹೋಗುತ್ತದೆ. ದೊಡ್ಡ ಕಂಪನಿಗಳಲ್ಲಿ ಇವಕ್ಕೆಲ್ಲ ಬೇರೆ ಬೇರೆ ವಿಭಾಗಗಳಿವೆ. ನಮ್ಮಲ್ಲಿ ಎಲ್ಲ ವಿಭಾಗಗಳೂ ಒಂದೇ ಕುರ್ಚಿಯಲ್ಲಿ ಕುಳಿತಿರುತ್ತವೆ.

ಸಮಯ ನಿರ್ವಹಣೆಯನ್ನು ಬೋಧಿಸುವ ಪುಸ್ತಕಗಳು ಬಾಗಿಲು ಹಾಕಿಕೊಳ್ಳಿ, ದೂರವಾಣಿಯನ್ನು ದೂರವಿಡಿ ಎಂದು ಉಪದೇಶಿಸುತ್ತವೆ. ವ್ಯಾಪಾರಿಗೆ ಈ ಉಪದೇಶ ಒಗ್ಗುವುದಿಲ್ಲ. ಬಾಗಿಲು ತೆರೆದಿಡುವುದೇ ಆತನ ವೃತ್ತಿ. ಗಿರಾಕಿಯ ಕರೆಯನ್ನು ಅಡಚಣೆಯೆಂದು ಭಾವಿಸುವವನು ಅಂಗಡಿ ಇಡಲೇಬಾರದು. ಆದ್ದರಿಂದ ಅಡಚಣೆಗಳನ್ನು ನಿಲ್ಲಿಸುವುದು ಹೇಗೆ ಎಂಬುದಕ್ಕಿಂತ, ಅವುಗಳಲ್ಲಿ ಗಿರಾಕಿಯಿಂದ ಬಂದವೆಷ್ಟು, ನಮ್ಮ ಮನೆಯಲ್ಲೇ ಹುಟ್ಟಿದವೆಷ್ಟು ಎಂದು ಕೇಳಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆ ನನಗೆ ಹೊಳೆದದ್ದು ನಷ್ಟವಾದ ಮೇಲೆ. ಒಂದು ಶುಕ್ರವಾರ ಸಂಜೆ ಹೊರರಾಜ್ಯದ ಗಿರಾಕಿಗೆ ಹೋಗಬೇಕಿದ್ದ ಸರಕಿಗೆ ಇ-ವೇ ಬಿಲ್ ತಯಾರಿಸುತ್ತಿದ್ದೆ. ಲಾರಿಯ ಸಂಖ್ಯೆಯನ್ನು ತುಂಬುತ್ತಿದ್ದಾಗ ದೂರವಾಣಿ ಬಡಿದುಕೊಂಡಿತು. ಮಾತನಾಡುತ್ತಲೇ ಬೆರಳಾಡಿಸಿದ್ದರಿಂದ ಎರಡು ಅಂಕಿಗಳು ಹಿಂದುಮುಂದಾದವು. ರಾತ್ರಿ ತಪಾಸಣೆಯಲ್ಲಿ ಲಾರಿ ನಿಂತಿತು. ಕಾನೂನು ಇಲ್ಲಿ ತಕ್ಕಮಟ್ಟಿಗೆ ಉದಾರವಾಗಿಯೇ ಇದೆ: 2018ರ ಸೆಪ್ಟೆಂಬರ್ 14ರ ಕೇಂದ್ರ ಸುತ್ತೋಲೆಯ ಪ್ರಕಾರ ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿ ತಪ್ಪಾಗಿದ್ದರೆ ಕೇಂದ್ರ ಮತ್ತು ರಾಜ್ಯ ತೆರಿಗೆಯ ಬಾಬ್ತು ತಲಾ 500 ರೂಪಾಯಿ ದಂಡ ತೆತ್ತರೆ ಸಾಕು. ಆದರೆ ಸಾವಿರ ರೂಪಾಯಿಯ ದಂಡ ಮುಗಿದು ಲಾರಿ ಹೊರಡುವ ಹೊತ್ತಿಗೆ ಶನಿವಾರ ಮಧ್ಯಾಹ್ನವಾಗಿತ್ತು. ಗಿರಾಕಿಯ ಜೋಡಣಾ ವಿಭಾಗ ಕಾಯಲಿಲ್ಲ. ಅವರು ಬೇರೊಬ್ಬರಿಂದ ಮಾಲು ತರಿಸಿಕೊಂಡರು. ಅಂದಿನಿಂದ ಆ ಆರ್ಡರ್ ನಮ್ಮಿಬ್ಬರ ನಡುವೆ ಹಂಚಿಹೋಗಿದೆ. ಆ ಕರೆ ಮಾಡಿದವನಾದರೂ ಯಾರು? ನಮ್ಮದೇ ಉಗ್ರಾಣದ ಹುಡುಗ. ಕಟಿಂಗ್ ಆಯಿಲ್ ಎಷ್ಟು ಡಬ್ಬಿ ತರಿಸಬೇಕೆಂದು ಕೇಳುತ್ತಿದ್ದ. ಆ ವರ್ಷ ಅದೇ ಪ್ರಶ್ನೆಯನ್ನು ಅವನು ಹಲವು ಬಾರಿ ಕೇಳಿದ್ದ, ನಾನು ಹಲವು ಬಾರಿ ಉತ್ತರಿಸಿದ್ದೆ.

ಮುಂದಿನ ವಾರ ಆರು ದಿನಗಳ ಕಾಲ ಮೇಜಿಗೆ ಬಂದ ಪ್ರತಿಯೊಂದು ಅಡಚಣೆಗೂ ಒಂದೊಂದು ಗೆರೆ ಎಳೆದೆ. ಗಿರಾಕಿಗಳಿಂದ ಬಂದವು ಕಾಲುಭಾಗವನ್ನೂ ಮುಟ್ಟಲಿಲ್ಲ. ಉಳಿದವುಗಳಲ್ಲಿ ಬಹುಪಾಲು ಐದಾರು ಪ್ರಶ್ನೆಗಳೇ ಮತ್ತೆ ಮತ್ತೆ ಬಂದವು: ಮುಂದೆ ಯಾವ ಕೆಲಸವನ್ನು ಯಂತ್ರಕ್ಕೆ ಹಾಕುವುದು, ಯಾವ ನಕ್ಷೆ ಇತ್ತೀಚಿನದು, ಇವರಿಗೆ ಎಷ್ಟು ರಿಯಾಯಿತಿ, ಚೆಕ್ ಸಿದ್ಧವಿದೆಯೇ. ಇವು ಕೆಲಸಗಾರರ ದಡ್ಡತನದಿಂದ ಹುಟ್ಟಿದವಲ್ಲ. ಉತ್ತರಗಳೆಲ್ಲ ನನ್ನ ತಲೆಯಲ್ಲಿದ್ದವು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಎಲ್ಲರೂ ನನ್ನನ್ನೇ ಕೇಳಬೇಕಾಗಿ ಬಂದದ್ದರಲ್ಲಿ ಒಂದು ಗುಪ್ತ ಸಂತೋಷವೂ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಓದುಗ ಮಿತ್ರರಲ್ಲಿ ಹಲವರಿಗೆ ಈ ಸಂತೋಷದ ಪರಿಚಯವಿರಬಹುದು.

ಕಟಿಂಗ್ ಆಯಿಲಿನ ಪ್ರಶ್ನೆಗೆ ಪರಿಹಾರ ಸುಲಭವಾಗಿತ್ತು. ಪ್ರತಿ ಸಾಮಗ್ರಿಗೂ ಎರಡು ಪೆಟ್ಟಿಗೆ ಇಡುವುದು. ಮೊದಲನೆಯದು ಖಾಲಿಯಾದೊಡನೆ ಯಾರನ್ನೂ ಕೇಳದೆ ಅಷ್ಟನ್ನೇ ತರಿಸುವುದು, ಅದು ಬರುವವರೆಗೆ ಎರಡನೆಯದನ್ನು ಬಳಸುವುದು. ಎರಡನೆಯ ಪೆಟ್ಟಿಗೆಯಲ್ಲಿ ಎಷ್ಟಿರಬೇಕೆಂಬುದನ್ನು ಮಾಲು ಬರಲು ಹಿಡಿಯುವ ದಿನಗಳೇ ನಿರ್ಧರಿಸುತ್ತವೆ. ಹೊಸ ನಕ್ಷೆ ಬಂದ ದಿನವೇ ಹಳೆಯದನ್ನು ಯಂತ್ರದ ಬಳಿಯಿಂದ ತೆಗೆಸಿದೆ. ಉಗ್ರಾಣದ ಹುಡುಗನಿಗೆ ಐದು ಸಾವಿರ ರೂಪಾಯಿಯವರೆಗಿನ ಖರೀದಿಯ ಅಧಿಕಾರ ಕೊಟ್ಟೆ. ಮೊದಲ ತಿಂಗಳಲ್ಲಿ ಅವನು ತಪ್ಪು ಅಳತೆಯ ಡ್ರಿಲ್‌ಗಳನ್ನು ತರಿಸಿದ. ಅವು ಇನ್ನೂ ಕಪಾಟಿನಲ್ಲಿವೆ. ಒಂದು ಆರ್ಡರಿನ ಅರ್ಧವನ್ನು ಕಳೆದುಕೊಳ್ಳುವುದಕ್ಕೆ ಹೋಲಿಸಿದರೆ ಅದು ಅಗ್ಗವೇ.

ಇಷ್ಟಾದರೂ ಗಿರಾಕಿಗಳ, ಅಧಿಕಾರಿಗಳ, ಬ್ಯಾಂಕಿನವರ ಅಡಚಣೆಗಳು ಉಳಿದೇ ಉಳಿಯುತ್ತವೆ. ಇವುಗಳ ನಡುವೆ ಕೆಲಸ ಮಾಡುವುದನ್ನು ನಮ್ಮ ಹಿರಿಯರ ಕಿರ್ದಿ ಪುಸ್ತಕದಿಂದ ಕಲಿಯಬಹುದು. ಹಳೆಯ ಪೇಟೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದೇ ಒಂದು ಕಿರ್ದಿ ಇರುತ್ತಿತ್ತು. ಕೊಟ್ಟದ್ದು, ಪಡೆದದ್ದು ಎಲ್ಲವೂ ನಡೆದ ಕ್ರಮದಲ್ಲೇ ಆಗಿಂದಾಗ ಅದರಲ್ಲಿ ದಾಖಲಾಗುತ್ತಿತ್ತು. ಯಾವುದು ಯಾರ ಖಾತೆಗೆ ಸೇರಬೇಕೆಂಬ ವಿಂಗಡಣೆ ಜನಸಂದಣಿ ಕರಗಿದ ನಂತರ. ದಾಖಲಿಸುವುದು ಈಗಲೇ, ವಿಂಗಡಿಸುವುದು ಆಮೇಲೆ ಎಂಬ ಈ ಬೇರ್ಪಡಿಕೆಯೇ ಗದ್ದಲದ ನಡುವೆಯೂ ಶಿಲ್ಕು ತಾಳೆಯಾಗುವಂತೆ ನೋಡಿಕೊಳ್ಳುತ್ತಿತ್ತು. ನಾವಾದರೋ ಒಂದನ್ನು ಚಲನ್ನಿನ ಬೆನ್ನಿಗೆ, ಇನ್ನೊಂದನ್ನು ಮೊಬೈಲಿನಲ್ಲಿ, ಮತ್ತೊಂದನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತೇವೆ. ಈಗ ನನ್ನ ಮೇಜಿನ ಮೇಲೆ ಒಂದೇ ಪುಸ್ತಕವಿದೆ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶವಾಗಿ ಬಂದ ಆರ್ಡರ್ ಕೂಡ ಅದರಲ್ಲಿ ದಾಖಲಾಗುವವರೆಗೆ ಆರ್ಡರ್ ಅಲ್ಲ.

ಅದೇ ಪುಸ್ತಕಕ್ಕೆ ಇನ್ನೊಂದು ಉಪಯೋಗವಿದೆ. ಯಾರಾದರೂ ಕರೆದಾಗ ತಲೆಯೆತ್ತುವ ಮೊದಲು, ಮಾಡುತ್ತಿದ್ದ ಕೆಲಸ ಎಲ್ಲಿ ನಿಂತಿತು, ಮುಂದೇನು ಎಂದು ಒಂದು ಸಾಲು ಬರೆಯುತ್ತೇನೆ. ಎದುರಿಗಿರುವವರು ಹತ್ತು ಸೆಕೆಂಡು ಕಾಯುತ್ತಾರೆ. ಯಾರೂ ಇದುವರೆಗೆ ಬೇಸರಿಸಿಲ್ಲ. ಅಮೆರಿಕದ ಸಂಶೋಧಕರಾದ ಸೋಫಿ ಲೆರಾಯ್ ಮತ್ತು ಥೆರೇಸಾ ಗ್ಲಾಂಬ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸಮರ್ಥಿಸುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸನ್ನು ಹಿಡಿದೆಳೆಯುತ್ತದೆ. ಮತ್ತೆ ಎಲ್ಲಿಂದ ಆರಂಭಿಸಬೇಕೆಂದು ಬರೆದಿಟ್ಟವರು ಮಧ್ಯೆ ಬಂದ ಕೆಲಸದತ್ತ ಚೆನ್ನಾಗಿ ಗಮನ ಕೊಡಬಲ್ಲರು. ನಮಗೆ ಆ ಮಧ್ಯೆ ಬಂದ ಕೆಲಸವೆಂದರೆ ಗಿರಾಕಿ ತಾನೆ?

ಅಡಚಣೆಗೆ ಒಡ್ಡಲೇಬಾರದ ಕೆಲಸಗಳೂ ಕೆಲವಿವೆ. ಮಾಸಿಕವಾಗಿ ಸಲ್ಲಿಸುವವರು ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕು. ತಪ್ಪಿದರೆ 14ರಂದು ಸಿದ್ಧವಾಗುವ ಗಿರಾಕಿಯ 2ಬಿ ತಃಖ್ತೆಯಲ್ಲಿ ನಮ್ಮ ಬಿಲ್ಲು ಕಾಣಿಸದು. ಆತ ಆ ತಿಂಗಳು ಹೂಡುವಳಿ ತೆರಿಗೆ ಜಮೆಯನ್ನು ಪಡೆಯಲಾರ, ನಮ್ಮ ಹಣವನ್ನು ತಡೆಹಿಡಿಯುತ್ತಾನೆ. ಅದು ನ್ಯಾಯವೂ ಹೌದು. ಹಾಗೆಯೇ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಕೊಂಡ ಸರಕಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ಹೇಳುತ್ತದೆ. 2023-24ರ ಲೆಕ್ಕವರ್ಷದಿಂದ, ಈ ಅವಧಿ ಮೀರಿ ಬಾಕಿಯುಳಿದ ಮೊತ್ತವನ್ನು ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಲು ಸಾಧ್ಯ. ಮಾರ್ಚ್ ತಿಂಗಳಲ್ಲಿ ಕಾಗದದ ರಾಶಿಯಡಿ ಉಳಿದ ಒಂದು ಬಿಲ್ಲು ಆದಾಯ ತೆರಿಗೆಯನ್ನೇ ಹೆಚ್ಚಿಸಬಲ್ಲದು. ಇಂತಹ ಕೆಲಸಗಳನ್ನು ಗಡುವಿಗೆ ಎರಡು ದಿನ ಮೊದಲು, ಕಾರ್ಖಾನೆಯ ಗಂಟೆ ಹೊಡೆಯುವುದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಮುಗಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ. ಇ-ವೇ ಬಿಲ್ ಮಾತ್ರ ಸಂಜೆಯೇ ಆಗಬೇಕಾದದ್ದು. ಅದನ್ನು ಈಗ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ತುಂಬುತ್ತಾರೆ. ಆ ಐದು ನಿಮಿಷ ದೂರವಾಣಿ ಪಕ್ಕದ ಕೋಣೆಯಲ್ಲಿರುತ್ತದೆ.

ಕೊನೆಯದಾಗಿ, ನಮ್ಮ ಸಂಸ್ಥೆಗೂ ಒಂದು ವಿನಂತಿ. ಸದಸ್ಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತೋಲೆ, ಆಹ್ವಾನ, ಅಭಿನಂದನೆ, ಹುಟ್ಟುಹಬ್ಬದ ಶುಭಾಶಯಗಳೆಲ್ಲ ಬೆಳಗಿನಿಂದ ರಾತ್ರಿಯವರೆಗೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಗಡುವು ವಿಸ್ತರಣೆಯ ಸುದ್ದಿಯೊಂದು ಹೂಗುಚ್ಛಗಳ ಚಿತ್ರಗಳ ಕೆಳಗೆ ಮುಳುಗಿಹೋದದ್ದನ್ನು ಕಂಡಿದ್ದೇನೆ. ಕಾನೂನು ಮತ್ತು ಗಡುವಿಗೆ ಸಂಬಂಧಿಸಿದ ಸೂಚನೆಗಳನ್ನು ಬೇರೆಯೇ ಗುಂಪಿನಲ್ಲಿ, ದಿನಕ್ಕೊಮ್ಮೆ, ಸಂಜೆ ಆರು ಗಂಟೆಗೆ ಒಟ್ಟಾಗಿ ಕಳುಹಿಸುವ ಏರ್ಪಾಡನ್ನು ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕೆಂದು ಕೋರುತ್ತೇನೆ.