ತಿರೂರಿನಲ್ಲೂ ಒಮ್ಮೆ ಇಳಿಯೋಣ

ಮಂಗಳೂರಿನಿಂದ ಕೇರಳಕ್ಕೆ ಟೂರ್ ಹೊರಟ ನಾವು ತಿರೂರು ಸ್ಟೇಷನ್ನಿನಲ್ಲಿ ಚಾಯ ಕುಡಿದು ಮುಂದೆ ಹೋಗುತ್ತೇವೆ. 1921ರ ನವೆಂಬರಿನಲ್ಲಿ ಬ್ರಿಟಿಷರು ಇಲ್ಲಿಂದಲೇ ಸುಮಾರು 100 ಮಲಬಾರ್ ಕೈದಿಗಳನ್ನು ಗಾಳಿಯಾಡದ ಗೂಡ್ಸ್ ವ್ಯಾಗನ್ನಿಗೆ ತುಂಬಿ ಕಳುಹಿಸಿದರು. ಪೋತನೂರಿನಲ್ಲಿ ಬಾಗಿಲು ತೆರೆದಾಗ ಒಳಗೆ ಹೆಣಗಳ ರಾಶಿ. ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡವರೂ ಸೇರಿ ಸತ್ತವರು ಸುಮಾರು 70 ಮಂದಿ. ಹೆಚ್ಚಿನವರು ಮಾಪಿಳ್ಳೆಗಳು, ಹಿಂದೂಗಳೂ ಇದ್ದರು.

2018ರಲ್ಲಿ ಸ್ಟೇಷನ್ ಗೋಡೆಯ ಮೇಲೆ ಬರೆದ ಈ ದುರಂತದ ಚಿತ್ರವನ್ನು ಅಳಿಸಿಬಿಟ್ಟರು. ಗೋಡೆ ಹೇಳದ್ದನ್ನು ಮನುಷ್ಯರೇ ಹೇಳಬೇಕಲ್ಲವೇ? ಪೇಟೆಯಲ್ಲಿ ಸ್ಮಾರಕ ಟೌನ್‌ಹಾಲ್ ಇದೆ ನಿಜ. ಹೇಳುವವರಿಲ್ಲದಿದ್ದರೆ ಮಕ್ಕಳಿಗೆ ಅದು ಬರೀ ಇನ್ನೊಂದು ಹಾಲ್. ಮುಂದಿನ ಶಾಲಾ ಪ್ರವಾಸದಲ್ಲಿ ವಾಟರ್‌ಪಾರ್ಕಿನ ಒಂದು ಗಂಟೆ ಕಡಿಮೆ ಮಾಡಿ, ಚರಿತ್ರೆ ಬಲ್ಲ ಅಲ್ಲಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳೋಣ. ಸೆಲ್ಫಿ ಆಮೇಲೆ ತೆಗೆದರಾಯಿತು.