ದುರಸ್ತಿ ಮಾಡುವವರು ಯಾರು?

ಪರದೇಶದಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬ ಇತ್ತೀಚೆಗೆ ಸುದ್ದಿಯೊಂದನ್ನು ಕಳುಹಿಸಿ, "ಮೇಷ್ಟ್ರೇ, ಇನ್ನು ಕುರುಡುತನವೆಂಬುದೇ ಇರಲಾರದು" ಎಂದು ಬರೆದಿದ್ದ. ಓದಿ ನಾನೂ ಹಿಗ್ಗಿದೆ. ‘ಪ್ರಿಮಾ’ ಎಂಬ ಸಾಧನದ ಕುರಿತು 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಸಂಶೋಧನೆ ಅದು. ಮುಪ್ಪಿನಲ್ಲಿ ಅಕ್ಷಿಪಟಲ ಸವೆದು ನಡುನೋಟವನ್ನು ಕಳೆದುಕೊಂಡವರ ಕಣ್ಣಿನೊಳಗೆ 2 ಮಿಲಿಮೀಟರ್ ಅಗಲದ ಚಿಪ್ಪೊಂದನ್ನು ಇರಿಸುತ್ತಾರೆ. ಕನ್ನಡಕದಲ್ಲಿರುವ ಕ್ಯಾಮೆರಾ ಕಂಡದ್ದನ್ನು ಅವಕೆಂಪು ಕಿರಣಗಳ ಮೂಲಕ ಅದಕ್ಕೆ ರವಾನಿಸುತ್ತದೆ. ಚಿಪ್ಪು ಆ ಬೆಳಕನ್ನು ವಿದ್ಯುತ್ತಾಗಿಸಿ ಉಳಿದ ನರಕೋಶಗಳನ್ನು ಎಚ್ಚರಿಸುತ್ತದೆ. ಒಂದು ವರ್ಷದ ಪರೀಕ್ಷೆಯನ್ನು ಪೂರೈಸಿದ 32 ಮಂದಿಯಲ್ಲಿ 26 ಮಂದಿಯ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು.

ಆದರೆ ಹಿಗ್ಗಿನ ಬೆನ್ನಿಗೇ ಒಂದು ಹಳೆಯ ಕಥೆ ನೆನಪಾಯಿತು. ‘ಆರ್ಗಸ್ 2’ ಎಂಬ ಕೃತಕ ಕಣ್ಣಿಗೆ 2013ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆತಿತ್ತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಮಂದಿ ಅದನ್ನು ಕಣ್ಣಿನಲ್ಲಿ ಧರಿಸಿದರು. ತಯಾರಿಸಿದ ಸೆಕೆಂಡ್ ಸೈಟ್ ಸಂಸ್ಥೆ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿ, 2020ರಲ್ಲಿ ಬಹುಪಾಲು ನೌಕರರನ್ನು ಮನೆಗೆ ಕಳುಹಿಸಿತು. ಆ ಮೇಲೆ ಕೆಟ್ಟ ಸಾಧನಗಳನ್ನು ಸರಿಪಡಿಸುವವರೇ ಇಲ್ಲವಾದರು. ಕತ್ತಲೆಯಿಂದ ಹೊರಬಂದವರು ಮತ್ತೊಮ್ಮೆ ಕತ್ತಲೆಗೆ ಮರಳುವುದೆಂದರೆ ಎಂಥ ಕ್ರೌರ್ಯ! ‘ಪ್ರಿಮಾ’ವನ್ನು ಬೆಳೆಸಿದ ಫ್ರಾನ್ಸಿನ ಸಂಸ್ಥೆಯೂ ನಡುದಾರಿಯಲ್ಲಿ ದಿವಾಳಿಯಾಗಿತ್ತು, 2024ರಲ್ಲಿ ಅಮೆರಿಕದ ಬೇರೊಂದು ಸಂಸ್ಥೆ ಕೊಂಡದ್ದರಿಂದ ಆ ಕೆಲಸ ಉಳಿಯಿತು.

ಇದಕ್ಕೆ ಪ್ರತಿಯಾಗಿ ಜೈಪುರ ಕಾಲನ್ನು ನೋಡಿ. ಕುಶಲಕರ್ಮಿ ರಾಮಚಂದ್ರ ಶರ್ಮರೂ ವೈದ್ಯ ಪಿ. ಕೆ. ಸೇಥಿಯವರೂ 1960ರ ದಶಕದಲ್ಲಿ ರಬ್ಬರು, ಮರಗಳಿಂದ ರೂಪಿಸಿದ ಪಾದವದು. ಅದನ್ನು ತೊಟ್ಟವನು ಚಕ್ಕಳಮಕ್ಕಳ ಹಾಕಿ ಕೂರಬಲ್ಲ, ಬರಿಗಾಲಲ್ಲಿ ನಡೆಯಬಲ್ಲ, ಕೆಸರುಗದ್ದೆಗೂ ಇಳಿಯಬಲ್ಲ. ಸವೆದರೆ ಸ್ಥಳೀಯ ಕುಶಲಕರ್ಮಿಯೇ ಬದಲಿಸಿಕೊಡಬಲ್ಲ.

ಹಾಗೆಂದು ಸರಳವಾಗಿದ್ದರೆ ಸಾಕೆಂದೂ ಅಲ್ಲ. ಕುಡಿಯುವ ನೀರಿನ ಫ್ಲೋರೈಡನ್ನು ತಗ್ಗಿಸಲು ನಾಗಪುರದ ‘ನೀರಿ’ ಸಂಸ್ಥೆ ನಲ್ಗೊಂಡ ವಿಧಾನವನ್ನು ರೂಪಿಸಿತು. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಬೆರೆಸಿ, ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳುವುದು, ಬಕೆಟ್ಟಿನಲ್ಲಿಯೇ ಮಾಡಬಹುದು. ಆದರೆ ಪ್ರಮಾಣವನ್ನು ಅಳೆದು ಹಾಕಲು, ಗಸಿಯನ್ನು ಜೋಪಾನವಾಗಿ ವಿಲೇವಾರಿ ಮಾಡಲು ದಿನವೂ ಒಬ್ಬರು ಬೇಕು. ನಮ್ಮ ಕೋಲಾರದ ಕಡೆಯ ಕೊಳವೆಬಾವಿಗಳಲ್ಲಿಯೂ ಫ್ಲೋರೈಡಿನ ಪೀಡೆಯುಂಟು. ಅಲ್ಲಿ ಬೇಕಾದುದು ಯಂತ್ರವೊಂದೇ ಅಲ್ಲ, ಅದನ್ನು ನೋಡಿಕೊಳ್ಳುವ ಮನುಷ್ಯ.

ಹೊಸ ಸಂಶೋಧನೆಯೇ ಬೇಡವೆನ್ನುವಷ್ಟು ಮುದುಕ ನಾನಲ್ಲ. ಕೃತಕ ಕಣ್ಣನ್ನು ಊರ ಕಮ್ಮಾರ ತಿದ್ದಲಾರನೆಂಬುದೂ ಗೊತ್ತು. ಆದ್ದರಿಂದಲೇ ನನ್ನ ಆಗ್ರಹವಿಷ್ಟು: ದೇಹದೊಳಗೆ ಇರಿಸುವ ಸಾಧನಕ್ಕೆ ಒಪ್ಪಿಗೆ ನೀಡುವ ಮುನ್ನ ಸರ್ಕಾರಗಳು ದುರಸ್ತಿಗೆಂದು ಠೇವಣಿಯನ್ನು ಇರಿಸಿಕೊಳ್ಳಲಿ. ಸಂಸ್ಥೆ ಮುಚ್ಚಿದರೆ ವಿನ್ಯಾಸದ ವಿವರಗಳು ಬೇರೆಯವರ ಕೈಗೆ ಸಿಗುವಂತೆ ಕರಾರು ಮಾಡಿಸಲಿ. ಕುಡಿಯುವ ನೀರಿನ ಯಂತ್ರದ ಟೆಂಡರಿನಲ್ಲಿ ಅದನ್ನು ನೋಡಿಕೊಳ್ಳುವವನ ಸಂಬಳವೂ ಸೇರಲಿ.

ನಿಮ್ಮಲ್ಲಿ ಹಲವರು ಇಂದು ಎಂಜಿನಿಯರುಗಳು, ವೈದ್ಯರು. ಮುಂದೆ ಯಾರಾದರೂ ಹೊಸ ಯಂತ್ರವನ್ನು ತಂದು ಮುಂದಿಟ್ಟರೆ, ಬೆಲೆಯನ್ನು ವಿಚಾರಿಸುವ ಮೊದಲು ಈ ಮೇಷ್ಟರ ಪ್ರಶ್ನೆಯನ್ನು ಕೇಳಿ: ಹತ್ತು ವರ್ಷಗಳ ನಂತರ ಇದು ಕೆಟ್ಟರೆ ದುರಸ್ತಿ ಮಾಡುವವರು ಯಾರು?